ಮಂಡಿಯ ಕೆಳಗೆ ದಿಂಬು ಇಡಬೇಡಿ

ಮಡಿಚಿದ ಮೊಣಕಾಲು ಹಾಗೇ ಗಟ್ಟಿಯಾಗಿ ಉಳಿಯದಂತೆ ರೋಗಿಗಳೂ ಮನೆಯವರೂ ಮಾಡಬೇಕಾದ್ದು, ಮಾಡಬಾರದ್ದು

ಲಕ್ವ ಹೊಡೆದು ಹಾಸಿಗೆ ಹಿಡಿದವರು, ತೊಡೆಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು, ಮಂಡಿ ಬದಲಾವಣೆಯ ಆಪರೇಷನ್ ಆದವರು, ಸಂಧಿವಾತದವರು, ಕುಸುಮ ರೋಗದ (ಹಿಮೋಫಿಲಿಯಾ) ಹುಡುಗರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಕಾಲು ಸುಟ್ಟುಕೊಂಡವರು, ಸಕ್ಕರೆ ಕಾಯಿಲೆಯಿಂದ ಮಂಡಿಯ ಕೆಳಗೆ ಕಾಲು ತೆಗೆಸಿಕೊಂಡವರು. ಇವರಿಗಾಗಿ ಮತ್ತು ಇವರನ್ನು ಹಗಲಿರುಳು ನೋಡಿಕೊಳ್ಳುವ ಮನೆಯವರಿಗಾಗಿ ಈ ಸೂಚನೆ. ಕಾಯಿಲೆಗಳು ಬೇರೆ ಬೇರೆ, ಆದರೆ ಇವರೆಲ್ಲರ ಮಂಡಿಗೆ ಕಾದಿರುವ ಅಪಾಯ ಒಂದೇ. ಮಡಿಚಿಟ್ಟ ಕಾಲು ಮತ್ತೆ ನೇರವಾಗುವುದಿಲ್ಲ. ಆಸ್ಪತ್ರೆಯಲ್ಲಿ ಇದನ್ನು ಕಾಂಟ್ರ್ಯಾಕ್ಚರ್ ಅನ್ನುತ್ತೇವೆ.

ಯಾಕೆ ಹೀಗಾಗುತ್ತದೆ

ಮಂಡಿಯೊಳಗೆ ನೀರು ಅಥವಾ ರಕ್ತ ತುಂಬಿದಾಗ ಕೀಲಿನ ಚೀಲ ಬಿಗಿದು ನೋಯುತ್ತದೆ. ಸುಮಾರು 30 ಡಿಗ್ರಿ ಮಡಿಚಿದರೆ ಚೀಲದೊಳಗೆ ಜಾಗ ಹೆಚ್ಚಾಗಿ ನೋವು ಇಳಿಯುತ್ತದೆ. ಅದಕ್ಕೇ ರೋಗಿ ಕಾಲು ಮಡಿಚಿಕೊಳ್ಳುತ್ತಾರೆ, ಅದಕ್ಕೇ ಮನೆಯವರು ಕೆಳಗೊಂದು ದಿಂಬು ತುರುಕುತ್ತಾರೆ. ಹಿತವೆನಿಸುವ ಆ ಭಂಗಿಯಲ್ಲೇ ಕಾಲು ಗಟ್ಟಿಯಾಗುತ್ತದೆ. ಮೊದಲ ವಾರಗಳಲ್ಲಿ ಹೆಚ್ಚಾಗಿ ತೊಡೆಯ ಹಿಂಭಾಗದ ಸ್ನಾಯುಗಳು ಗಿಡ್ಡವಾಗುತ್ತವೆ. ಈ ಹಂತದಲ್ಲಿ ಕಾಲನ್ನು ಮರಳಿ ನೇರ ಮಾಡುವುದು ಸುಲಭ. ದಿನ ಕಳೆದಂತೆ ಮಂಡಿಯ ಹಿಂದಿನ ಕೀಲುಚೀಲವೇ ದಪ್ಪವಾಗಿ ಕುಗ್ಗುತ್ತದೆ. ಆಮೇಲೆ ಎಣ್ಣೆಗೂ ಬಗ್ಗದು, ಮಾತ್ರೆಗೂ ಬಗ್ಗದು.

ಕಾಲು ಪೂರ್ತಿ ನೇರವಾಗದಿದ್ದರೆ ನಿಂತಾಗ ತೊಡೆಯ ಮುಂಭಾಗದ ಸ್ನಾಯು ಒಂದು ಕ್ಷಣವೂ ವಿಶ್ರಾಂತಿಯಿಲ್ಲದೆ ದುಡಿಯಬೇಕು. ಕೊರತೆ 15 ಡಿಗ್ರಿ ಮೀರಿದ ಮೇಲೆ ನಾಲ್ಕು ಹೆಜ್ಜೆಗೇ ಆಯಾಸ. ಆ ಕಾಲು ಗಿಡ್ಡವಾದಂತಾಗಿ ನಡಿಗೆ ಕುಂಟುತ್ತದೆ, ಸೊಂಟ ನೋಯುತ್ತದೆ, ಚೆನ್ನಾಗಿದ್ದ ಇನ್ನೊಂದು ಮಂಡಿಯೂ ಸವೆಯುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಕಾಲು ನೇರವಾಗಿಯೇ ಸೆಟೆದು ಮಡಿಚಲು ಬಾರದಿರುವುದು. ತೊಡೆಮೂಳೆ ಮುರಿದು ಬಹುಕಾಲ ಪ್ಲಾಸ್ಟರಿನಲ್ಲಿದ್ದವರಲ್ಲಿ ಇದು ಕಾಣುತ್ತದೆ. ಸಲೀಸಾಗಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಮಡಿಚಬೇಕು, ಮೆಟ್ಟಿಲು ಹತ್ತಲು 80–90, ಕುರ್ಚಿಯಿಂದ ಏಳಲು ಹತ್ತಿರಹತ್ತಿರ 100, ಕುಕ್ಕರಗಾಲಲ್ಲಿ ಕೂರಲು 120ಕ್ಕೂ ಮೇಲೆ. ನೇರವಾಗುವುದೂ ಬೇಕು, ಮಡಿಚುವುದೂ ಬೇಕು. ಆದರೆ ಹಾಸಿಗೆಯಲ್ಲಿರುವವರ ವಿಷಯದಲ್ಲಿ ಮೊದಲ ಕಾಳಜಿ ನೇರವಾಗುವುದರ ಬಗ್ಗೆಯೇ ಇರಲಿ, ಏಕೆಂದರೆ ಎಲ್ಲರೂ ಮರೆಯುವುದು ಅದನ್ನೇ.

ಮನೆಯಲ್ಲೇ ಪರೀಕ್ಷಿಸಿ

ರೋಗಿಯನ್ನು ಗಟ್ಟಿ ಮಂಚದ ಮೇಲೋ ಚಾಪೆಯ ಮೇಲೋ ಅಂಗಾತ ಮಲಗಿಸಿ. ಎರಡೂ ಕಾಲು ಚಾಚಿ, ಬೆರಳುಗಳು ಮೇಲಕ್ಕಿರಲಿ. ಮಂಡಿಯ ಹಿಂಭಾಗವನ್ನು ನೆಲಕ್ಕೆ ಒತ್ತಲು ಹೇಳಿ. ನಿಮ್ಮ ಅಂಗೈಯನ್ನು ಅಡ್ಡವಾಗಿ ಮಂಡಿಯ ಕೆಳಗೆ ತೂರಿಸಿ ನೋಡಿ. ಒಂದು ಕಾಲಿನ ಕೆಳಗೆ ಕೈ ಸಲೀಸಾಗಿ ಹೋಗಿ ಇನ್ನೊಂದರ ಕೆಳಗೆ ಹೋಗದಿದ್ದರೆ ಎಚ್ಚರವಾಗಿ.

ಬೋರಲು ಮಲಗಬಲ್ಲವರಿಗೆ ಇನ್ನೊಂದು ಪರೀಕ್ಷೆಯಿದೆ. ತೊಡೆ ಪೂರ್ತಿ ಮಂಚದ ಮೇಲಿರಲಿ, ಮಂಡಿಯಿಂದ ಕೆಳಗಿನ ಕಾಲು ಅಂಚಿನಾಚೆ ಇಳಿಬಿದ್ದಿರಲಿ. ಹಿಂದಿನಿಂದ ನೋಡಿ ಎರಡು ಹಿಮ್ಮಡಿಗಳ ಎತ್ತರದ ವ್ಯತ್ಯಾಸವನ್ನು ಸ್ಕೇಲಿನಲ್ಲಿ ಅಳೆಯಿರಿ. ಒಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಸುಮಾರು ಒಂದು ಡಿಗ್ರಿ ಕೊರತೆ. ವಾರಕ್ಕೊಮ್ಮೆ ಅಳೆದು ತಾರೀಖಿನ ಜೊತೆ ಬರೆದಿಡಿ. ಅಂಕಿ ಏರುತ್ತಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಬಂದು ತೋರಿಸಿ.

ಎಲ್ಲರೂ ಮಾಡಬೇಕಾದ್ದು

1. ಮಲಗಿದಾಗ ಕಾಲು ನೇರವಾಗಿರಲಿ. ಬಾವು ಇಳಿಸಲು ಕಾಲು ಎತ್ತರದಲ್ಲಿಡಬೇಕಿದ್ದರೆ ಮೀನಖಂಡದಿಂದ ಹಿಮ್ಮಡಿಯವರೆಗೂ ಆಧಾರ ಕೊಡಿ, ಮಂಡಿಯ ಕೆಳಗೆ ಮಾತ್ರ ಬೇಡ.

2. ಟವೆಲ್ ಸುತ್ತಿ ಕಣಕಾಲಿನ ಕೆಳಗೆ, ಹಿಮ್ಮಡಿಗಿಂತ ಸ್ವಲ್ಪ ಮೇಲೆ ಇಡಿ. ಹಿಮ್ಮಡಿ ಹಾಸಿಗೆಗೆ ತಾಗದೆ ತೇಲುತ್ತಿರಲಿ, ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯಲಿ. ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಮಾಡಿ.

3. ಕಾಲು ಚಾಚಿ, ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಹಿಡಿಯಿರಿ. ಐದು ಎಣಿಸಿ ಬಿಡಿ. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಉಸಿರು ಕಟ್ಟಬೇಡಿ. ಪ್ಲಾಸ್ಟರಿನೊಳಗಿರುವ ಕಾಲಿನಿಂದಲೂ ಇದನ್ನು ಮಾಡಬಹುದೇ ಎಂದು ಪ್ಲಾಸ್ಟರ್ ಹಾಕಿದ ದಿನವೇ ಕೇಳಿ.

4. ಉಸಿರಾಟದ, ಹೃದಯದ ತೊಂದರೆಯಿಲ್ಲದವರು, ಹೊಟ್ಟೆಯ ಆಪರೇಷನ್ ಆಗದವರು ದಿನಕ್ಕೆರಡು ಬಾರಿ ಇಪ್ಪತ್ತು ನಿಮಿಷ ಬೋರಲು ಮಲಗಲಿ. ಮಂಡಿಯ ಜೊತೆ ಸೊಂಟದ ಕೀಲೂ ನೇರವಾಗುತ್ತದೆ.

5. ವೈದ್ಯರು ಒಪ್ಪಿದ ದಿನದಿಂದಲೇ ನಿಲ್ಲಿಸಿ, ನಡೆಸಿ. ವಾಕರ್ ಹಿಡಿದು ಬಚ್ಚಲಿಗೆ ಹೋಗಿಬರುವ ಹತ್ತು ಹೆಜ್ಜೆಯೂ ಔಷಧಿಯೇ. ಹಿಮ್ಮಡಿ ಮೊದಲು ಊರಲಿ, ಮಂಡಿ ನೇರವಾಗಲಿ.

6. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ ಕೊಡಿ. ನೋವು ತಡೆದುಕೊಳ್ಳುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲ. ನೋವಿದ್ದರೆ ಸ್ನಾಯು ಬಿಗಿಯುತ್ತದೆ, ಬಿಗಿದರೆ ಕಾಲು ಮಡಿಚುತ್ತದೆ.

7. ಕಾಲನ್ನು ನೇರ ಹಿಡಿದಿಡುವ ಸ್ಪ್ಲಿಂಟ್ ಕೊಟ್ಟಿದ್ದರೆ ಹೇಳಿದಷ್ಟು ಹೊತ್ತು ಕಟ್ಟಿ. ಬಿಚ್ಚಿದಾಗಲೆಲ್ಲ ಹಿಮ್ಮಡಿ, ಕಣಕಾಲು, ಮಂಡಿಚಿಪ್ಪಿನ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಮತ್ತೆ ಕಟ್ಟದೆ ತೋರಿಸಿ.

ಯಾರೂ ಮಾಡಬಾರದ್ದು

1. ಮಂಡಿಯ ಕೆಳಗೆ ದಿಂಬು, ಮಡಿಚಿದ ಕಂಬಳಿ, ಸೀರೆಯ ಗಂಟು ಇಡಬೇಡಿ. ಆಸ್ಪತ್ರೆಯ ಮಂಚದ ಕಾಲುಭಾಗದ ಹಿಡಿ ತಿರುಗಿಸಿ ಮಂಡಿಯನ್ನು ಎತ್ತರಿಸಿ ಬಿಡಬೇಡಿ. ರೋಗಿ ಬೇಡಿಕೊಂಡರೂ ಇಡಬೇಡಿ, ಅದರ ಬದಲು ನೋವಿಗೆ ಔಷಧಿ ಕೇಳಿ.

2. ಬಲ ಹಾಕಿ ಒತ್ತಬೇಡಿ. ಮಂಡಿಯ ಮೇಲೆ ಕೂರುವುದು, ಇಬ್ಬರು ಹಿಡಿದು ಎಳೆಯುವುದು, ಇಟ್ಟಿಗೆ ಕಟ್ಟಿ ತೂಗಿಬಿಡುವುದು ಅಪಾಯ. ಬಹುಕಾಲ ಓಡಾಡದವರ ಮೂಳೆ ಟೊಳ್ಳಾಗಿರುತ್ತದೆ. ಎಳೆತಕ್ಕೆ ಮಂಡಿ ನೇರವಾಗುವ ಬದಲು ತೊಡೆಮೂಳೆ ಮುರಿಯುತ್ತದೆ, ಇಲ್ಲವೇ ಮೊಣಕಾಲಿನ ಕೆಳಗಿನ ಮೂಳೆ ಹಿಂದಕ್ಕೆ ಜಾರುತ್ತದೆ.

3. ಮುರಿತ ಅಥವಾ ಪೆಟ್ಟಿನ ನಂತರ ತಿಕ್ಕಿಸಬೇಡಿ. ಗಾಯಗೊಂಡ ಸ್ನಾಯುವನ್ನು ಬಲವಾಗಿ ತಿಕ್ಕಿದರೆ ಅದರೊಳಗೇ ಮೂಳೆ ಬೆಳೆಯಬಹುದು, ಆಗ ಕೀಲು ಇನ್ನಷ್ಟು ಬಿಗಿಯುತ್ತದೆ. ಕಟ್ಟು ಹಾಕಿಸಲು ದೂರದೂರಿಗೆ ಹೋಗುವ ಮುನ್ನ ಒಂದು ಎಕ್ಸ್‌ರೇ ತೆಗೆಸಿ.

4. ಸ್ಪರ್ಶಜ್ಞಾನ ಕಡಿಮೆಯಿರುವ ಕಾಲಿಗೆ ಬಿಸಿನೀರಿನ ಚೀಲ, ಬಿಸಿ ಮರಳು, ಕಾಯಿಸಿದ ಉಪ್ಪಿನ ಗಂಟು ಇಡಬೇಡಿ. ಸಕ್ಕರೆ ಕಾಯಿಲೆಯವರಿಗೂ ಲಕ್ವ ಹೊಡೆದವರಿಗೂ ಚರ್ಮ ಸುಡುವುದು ಗೊತ್ತಾಗದೇ ಇರಬಹುದು.

5. ಹಗಲೆಲ್ಲ ಕುರ್ಚಿಯಲ್ಲಿ, ಗಾಲಿಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂರಿಸಬೇಡಿ. ಬೆಳಿಗ್ಗೆ ಅರ್ಧ ಗಂಟೆ ಮಾಡಿದ ವ್ಯಾಯಾಮವನ್ನು ಎಂಟು ಗಂಟೆಯ ಕೂರುವಿಕೆ ಅಳಿಸಿಹಾಕುತ್ತದೆ.

6. ದಿಢೀರನೆ ಸಿಕ್ಕಿಹಾಕಿಕೊಂಡ ಮಂಡಿಯನ್ನು ಬಿಡಿಸಲು ಹೋಗಬೇಡಿ. ಆಟವಾಡುವಾಗ, ಕುಕ್ಕರಗಾಲಿನಿಂದ ಏಳುವಾಗ ಮಂಡಿ ಒಮ್ಮೆಲೇ ಬಿಗಿದು ನಿಂತರೆ ಒಳಗಿನ ಗಾದಿ ಹರಿದು ಅಡ್ಡ ಬಂದಿರಬಹುದು. ಅದು ಕಾಂಟ್ರ್ಯಾಕ್ಚರ್ ಅಲ್ಲ, ಮೂಳೆ ತಜ್ಞರು ನೋಡಬೇಕಾದದ್ದು.

ಕಾಯಿಲೆಗೆ ತಕ್ಕಂತೆ

*ಲಕ್ವ ಮತ್ತು ಬೆನ್ನುಹುರಿಯ ಪೆಟ್ಟು.* ಪಾರ್ಶ್ವವಾಯುವಾಗಿ ಕೆಲವು ವಾರಗಳಲ್ಲಿ ಸ್ನಾಯುಗಳ ಬಿಗಿತ ಏರುತ್ತದೆ. ರಾತ್ರಿ ಗಂಡನ ಕಾಲು ಜಗ್ಗುತ್ತದೆಂದು ಹೆಂಡತಿ ಮಂಡಿಯ ಕೆಳಗೆ ದಿಂಬಿಟ್ಟು, ಹೊದಿಕೆ ಸರಿಮಾಡಿ, ಎರಡು ಸಲ ಎದ್ದು ನೋಡಿ ಮಲಗುತ್ತಾಳೆ. ಮೂರು ತಿಂಗಳ ನಂತರ ಅವರನ್ನು ನಿಲ್ಲಿಸಲು ಹೋದಾಗ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಆ ಪ್ರೀತಿಯಲ್ಲಿ ಲೋಪವಿರಲಿಲ್ಲ, ಮೊದಲ ದಿನವೇ ಹೇಳಬೇಕಾದವರು ಹೇಳಿರಲಿಲ್ಲ. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಒಂದೇ ಮಗ್ಗುಲಲ್ಲಿ ಕಾಲು ಮುದುರಿಸಿ ಬಿಡಬೇಡಿ. ದಿನಕ್ಕೆ ಹತ್ತು ನಿಮಿಷ ಕಾಲೆಳೆದರೆ ಸಾಕು ಎಂದು ನಂಬಿ ಕೂರಬೇಡಿ. ಹಿಗ್ಗಿಸುವ ಚಿಕಿತ್ಸೆಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ 2017ರ ಕಾಕ್ರೇನ್ ಸಮೀಕ್ಷೆಯಲ್ಲಿ, ನರದ ಕಾಯಿಲೆಯವರ ಕೀಲಿನ ಚಲನೆಗೆ ಏಳು ತಿಂಗಳೊಳಗಿನ ಬಳಕೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದ್ದರಿಂದ ಬಿಗಿತಕ್ಕೇ ಚಿಕಿತ್ಸೆ ಕೇಳಿ. ಮಾತ್ರೆಗಳಿವೆ, ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದಿದೆ. ಆಸರೆ ಕೊಟ್ಟು ನಿಲ್ಲಿಸುವುದನ್ನು, ಕೈಲಾದಷ್ಟು ಓಡಾಡಿಸುವುದನ್ನು ಬೇಗ ಶುರುಮಾಡಿ. ಬಿಗಿತ ಒಮ್ಮೆಲೇ ಹೆಚ್ಚಿದರೆ ಹಾಸಿಗೆ ಹುಣ್ಣು, ಮೂತ್ರದ ಸೋಂಕು, ಮಲಬದ್ಧತೆ ಇದೆಯೇ ನೋಡಿ. ಬಿಗಿತ ಏರಿಸುವ ಸಾಮಾನ್ಯ ಕಾರಣಗಳು ಇವು.

*ಕುಸುಮ ರೋಗ.* ಹಿಮೋಫಿಲಿಯಾ ಇರುವ ಹುಡುಗರ ಮಂಡಿಯೊಳಗೆ ಮತ್ತೆ ಮತ್ತೆ ರಕ್ತ ಸೋರುತ್ತದೆ. ಹುಡುಗ ಮಂಡಿಯಲ್ಲಿ ಜುಮುಗುಡುತ್ತದೆ, ಬೆಚ್ಚಗಾಗಿದೆ ಅಂದ ಕೂಡಲೇ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಡಿಸಿ, ಊತ ಕಾಣುವವರೆಗೆ ಕಾಯಬೇಡಿ. ಬಟ್ಟೆ ಸುತ್ತಿದ ಐಸ್ 15–20 ನಿಮಿಷ ಇಡಿ. ತಿಕ್ಕಬೇಡಿ, ಬಿಸಿ ಕೊಡಬೇಡಿ, ಸೊಂಟಕ್ಕೋ ತೊಡೆಗೋ ಇಂಜೆಕ್ಷನ್ ಹಾಕಿಸಬೇಡಿ, ಆಸ್ಪಿರಿನ್ ಕೊಡಬೇಡಿ. ಬ್ರೂಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ರಕ್ತರೋಗ ತಜ್ಞರನ್ನು ಕೇಳದೆ ಕೊಡಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಇದೆ. ರಕ್ತಸ್ರಾವ ನಿಂತ ಮೇಲೆ ವ್ಯಾಯಾಮ ಬಿಡಬೇಡಿ, ತೊಡೆ ಬಲವಾದಷ್ಟು ಮಂಡಿ ಸುರಕ್ಷಿತ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಈ ಕುಟುಂಬಗಳಿಗಾಗಿಯೇ ದುಡಿಯುವ ಸಂಸ್ಥೆ. ಒಬ್ಬರೇ ಒದ್ದಾಡಬೇಡಿ.

*ಸಂಧಿವಾತ, ಮಕ್ಕಳ ಸಂಧಿವಾತ, ಮಂಡಿ ಸವೆತ.* ಬೆಳಿಗ್ಗೆ ಎದ್ದಾಗ ಮಗು ಕುಂಟುತ್ತಿದ್ದು ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿದ್ದರೆ ಬೆಳವಣಿಗೆಯ ನೋವೆಂದು ತಳ್ಳಿಹಾಕಬೇಡಿ. ಊತ ಆರು ವಾರ ಮೀರಿದರೆ ಮಕ್ಕಳ ಸಂಧಿವಾತ ಇರಬಹುದು. ಸಂಧಿವಾತ ತಜ್ಞರಿಗೆ ತೋರಿಸಿ, ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಇದೇ ಕಾಯಿಲೆ ಸದ್ದಿಲ್ಲದೆ ಕಣ್ಣಿನೊಳಗೂ ಉರಿಯೂತ ತರುತ್ತದೆ. ಕಾಯಿಲೆ ಹತೋಟಿಗೆ ಬಾರದೆ ಬರೀ ವ್ಯಾಯಾಮದಿಂದ ಮಂಡಿ ಉಳಿಯದು, ಮಾತ್ರೆಗಳನ್ನು ನಡುವೆ ನಿಲ್ಲಿಸಬೇಡಿ. ಊರೂರು ತಿರುಗಿ ಮಾರುವ ಹೆಸರಿಲ್ಲದ ಪುಡಿ ಬೇಡ. ಮಂಡಿ ಸವೆದವರು ತೂಕ ಇಳಿಸಿ, ತೊಡೆ ಬಲಪಡಿಸಿ. ಮಡಿಚಿಕೊಂಡ ಕಾಲು 30 ಡಿಗ್ರಿ ದಾಟುವವರೆಗೆ ಆಪರೇಷನ್ ಮುಂದೂಡಿದರೆ ಆಪರೇಷನ್ನೂ ಕಷ್ಟ, ಆಮೇಲೆ ಚೇತರಿಕೆಯೂ ಕಷ್ಟ.

*ಮಂಡಿ ಆಪರೇಷನ್ ಆದವರು.* ಮೊದಲ ವಾರಗಳ ಮೊದಲ ಗುರಿ ಕಾಲು ಪೂರ್ತಿ ನೇರವಾಗುವುದು. ಎಷ್ಟು ಮಡಿಚುತ್ತದೆ ಎಂದು ದಿನಾ ಎಣಿಸುವವರು ಎಷ್ಟು ನೇರವಾಗುತ್ತದೆ ಎಂಬುದನ್ನೂ ಎಣಿಸಿ. ಹೊಲಿಗೆ ಬಿಚ್ಚುವವರೆಗೆ ಅಲ್ಲಾಡಿಸಬಾರದು ಎಂಬ ನಂಬಿಕೆ ಬೇಡ, ಸರ್ಜನ್ ಹೇಳಿದ ದಿನದಿಂದ ಶುರುಮಾಡಿ. ಆರು ವಾರವಾದರೂ 90 ಡಿಗ್ರಿ ಮಡಿಚದಿದ್ದರೆ ಸರ್ಜನ್ನರ ಬಳಿ ಹೋಗಿ. ಅರಿವಳಿಕೆ ಕೊಟ್ಟು ಮಂಡಿ ಸಡಿಲಿಸುವ ಚಿಕಿತ್ಸೆ ಸಾಮಾನ್ಯವಾಗಿ ಮೊದಲ ಮೂರು ತಿಂಗಳೊಳಗೇ ಚೆನ್ನಾಗಿ ಫಲಿಸುತ್ತದೆ.

*ಮಂಡಿಯ ಕೆಳಗೆ ಕಾಲು ತೆಗೆಸಿಕೊಂಡವರು.* ಉಳಿದ ಮೋಟುಗಾಲನ್ನು ದಿಂಬಿನ ಮೇಲಿಡಬೇಡಿ, ಮಂಚದಿಂದ ಇಳಿಬಿಡಬೇಡಿ, ಊರುಗೋಲಿನ ಹಿಡಿಯ ಮೇಲೆ ಮಡಿಚಿ ಆನಿಸಬೇಡಿ. ಗಾಲಿಕುರ್ಚಿಯಲ್ಲಿ ಸೀಟಿನ ಕೆಳಗೆ ಮುಂದಕ್ಕೆ ಚಾಚುವಂತೆ ಒಂದು ಹಲಗೆ ಇಟ್ಟು, ಅದರ ಮೇಲೆ ಮೆತ್ತೆ ಹಾಕಿ ಮಂಡಿ ನೇರ ಮಾಡಿ. ಗಾಯ ಮಾಯುವ ಎರಡು ಮೂರು ತಿಂಗಳು ಹೆಚ್ಚಿನವರು ಕಾಲು ಮಡಿಚಿಕೊಂಡೇ ಕಳೆಯುತ್ತಾರೆ. ಆಮೇಲೆ ಕೃತಕ ಕಾಲಿನ ಅಳತೆಗೆ ಬಂದು ನಿಂತಾಗ, ಮಂಡಿಯಲ್ಲಿ ಹಿಂದಕ್ಕೆ ಮಡಿಚಿಕೊಂಡ ಮೋಟುಗಾಲು ಅಚ್ಚಿನೊಳಗೆ ಸರಿಯಾಗಿ ಕೂರುವುದೇ ಇಲ್ಲ. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಕೃತಕ ಪಾದ ನಮ್ಮೂರುಗಳ ಶಿಬಿರಗಳಲ್ಲೂ ಉಚಿತವಾಗಿ ಸಿಗುತ್ತದೆ. ಅದನ್ನು ತೊಡಬಲ್ಲ ಮಂಡಿಯನ್ನು ಮಾತ್ರ ನೀವೇ ಉಳಿಸಿಕೊಳ್ಳಬೇಕು.

*ಸುಟ್ಟಗಾಯ.* ಮಂಡಿಯ ಹಿಂಭಾಗ ಸುಟ್ಟಿದ್ದರೆ ಚರ್ಮ ಮಾಯುತ್ತಾ ಕುಗ್ಗುತ್ತದೆ, ಕಾಲನ್ನು ಎಳೆದುಕೊಂಡು ಬರುತ್ತದೆ. ಮೊದಲ ದಿನದಿಂದಲೇ ಕಾಲು ನೇರ ಇಡುವ ಸ್ಪ್ಲಿಂಟ್ ಬೇಕು. ಗಾಯ ಒಣಗಿತೆಂದು ಅದನ್ನು ಬಿಸಾಡಬೇಡಿ. ಕಲೆ ಕೆಂಪಗೆ, ಗಟ್ಟಿಯಾಗಿ, ಉಬ್ಬಿರುವಷ್ಟು ಕಾಲ ಅದು ಕುಗ್ಗುತ್ತಲೇ ಇರುತ್ತದೆ. ಒತ್ತಡದ ಉಡುಪು, ಸ್ಪ್ಲಿಂಟ್, ವ್ಯಾಯಾಮ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನಡೆಯಬೇಕಾಗುತ್ತದೆ.

*ಮಕ್ಕಳು.* ಆಗ ತಾನೇ ಹುಟ್ಟಿದ ಕೂಸಿನ ಮಂಡಿ ಪೂರ್ತಿ ನೇರವಾಗದಿರುವುದು ಸಹಜ, ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಎಣ್ಣೆ ನೀರು ಹಾಕುವಾಗ ಕಾಲು ಹಿಡಿದು ಎಳೆಯಬೇಡಿ. ಆದರೆ ಎರಡೂ ಕಾಲು ಗಟ್ಟಿಯಾಗಿ ಅಲ್ಲಾಡದಿದ್ದರೆ, ಅಥವಾ ಒಂದು ಕಾಲು ಇನ್ನೊಂದರಂತೆ ಚಾಚದಿದ್ದರೆ ಹುಟ್ಟಿದ ಮೊದಲ ವಾರಗಳಲ್ಲೇ ತೋರಿಸಿ. ಹುಟ್ಟಿನಿಂದ ಬರುವ ಕೀಲುಬಿಗಿತಕ್ಕೆ ಬೇಗ ಶುರುಮಾಡಿದ ಚಿಕಿತ್ಸೆಯೇ ಚೆನ್ನಾಗಿ ಫಲ ಕೊಡುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಸದಾ ಮಡಿಲಲ್ಲಿ, ಮೂಲೆಕುರ್ಚಿಯಲ್ಲಿ ಕೂರಿಸಬೇಡಿ. ದಿನಕ್ಕೊಂದಿಷ್ಟು ಹೊತ್ತು ಸ್ಟ್ಯಾಂಡಿಂಗ್ ಫ್ರೇಮಿನಲ್ಲಿ ನಿಲ್ಲಿಸಿ, ಮಂಡಿ ನೇರ ಹಿಡಿಯುವ ಗೇಟರ್ ಕಟ್ಟಿ. ಮಗು ಎತ್ತರ ಬೆಳೆಯುವ ವರ್ಷಗಳಲ್ಲಿ ಮೂಳೆಯ ಬೆಳವಣಿಗೆಗೆ ಸ್ನಾಯು ಹಿಂದೆ ಬೀಳುತ್ತದೆ, ಆಗ ತಪಾಸಣೆ ತಪ್ಪಿಸಬೇಡಿ. ಜಿಲ್ಲಾಸ್ಪತ್ರೆಗಳಲ್ಲಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರಗಳಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಅದೇ ದಿನ ಆಸ್ಪತ್ರೆಗೆ ಬನ್ನಿ

- ಜ್ವರದ ಜೊತೆ ಮಂಡಿ ಊದಿ, ಬಿಸಿಯಾಗಿ, ಮುಟ್ಟಿಸಿಕೊಳ್ಳಲಾರದಷ್ಟು ನೋಯುತ್ತಿದ್ದರೆ. ಕೀಲಿನಲ್ಲಿ ಕೀವು ತುಂಬಿದ್ದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಕರಗುತ್ತದೆ.
- ಕಾಲು ನೇರ ಮಾಡುವ ಸ್ಪ್ಲಿಂಟ್ ಅಥವಾ ಪ್ಲಾಸ್ಟರ್ ಹಾಕಿದ ಮೇಲೆ ಪಾದದ ಮೇಲ್ಭಾಗ ಮರಗಟ್ಟಿದರೆ, ಹೆಬ್ಬೆರಳು ಮೇಲೆತ್ತಲು ಆಗದಿದ್ದರೆ, ಬೆರಳು ತಣ್ಣಗಾಗಿ ನೀಲಿಯಾದರೆ. ಬಹುಕಾಲ ಮಡಿಚಿದ್ದ ಕಾಲನ್ನು ಬೇಗ ನೇರ ಮಾಡಿದಾಗ ನರ, ರಕ್ತನಾಳ ಎಳೆದುಕೊಳ್ಳುತ್ತವೆ. ಬಿಚ್ಚುವ ಸ್ಪ್ಲಿಂಟ್ ಆದರೆ ಬೆಲ್ಟ್ ಸಡಿಲಿಸಿ ಮಂಡಿ ಸ್ವಲ್ಪ ಮಡಿಚಿಟ್ಟು ತಡಮಾಡದೆ ಹೊರಡಿ.
- ಆಪರೇಷನ್ ನಂತರ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ. ಅದರ ಜೊತೆ ಏದುಸಿರು, ಎದೆನೋವು ಇದ್ದರೆ 108ಕ್ಕೆ ಕರೆ ಮಾಡಿ.
- ಕಾಲೆಳೆದಾಗ ಲಟಕ್ಕೆಂದು ಸದ್ದಾಗಿ ಆಮೇಲೆ ಊದಿಕೊಂಡರೆ.

ಮಂಡಿಯ ಊತ ವಾರಗಟ್ಟಲೆ ಇದ್ದು, ಸಂಜೆ ಜ್ವರ, ತೂಕ ಇಳಿಕೆ, ತೊಡೆ ಸಣ್ಣಗಾಗುವುದು ಕಂಡರೆ ಕೀಲಿನ ಕ್ಷಯ ಇರಬಹುದು. ಅದಕ್ಕೆ ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು, ಕಾಲನ್ನು ಸ್ಪ್ಲಿಂಟಿನಲ್ಲಿ ನೇರವಾಗಿಡಬೇಕು.

ಈಗಾಗಲೇ ಮಡಿಚಿಕೊಂಡಿದ್ದರೆ

ಆಸೆ ಬಿಡಬೇಡಿ. ವಾರಕ್ಕೊಮ್ಮೆ ಬದಲಿಸುತ್ತ ಸ್ವಲ್ಪ ಸ್ವಲ್ಪವೇ ನೇರ ಮಾಡುವ ಪ್ಲಾಸ್ಟರ್, ತಿರುಪಿನ ಸ್ಪ್ಲಿಂಟ್, ಗಿಡ್ಡವಾದ ಸ್ನಾಯುರಜ್ಜು ಉದ್ದ ಮಾಡುವ ಅಥವಾ ಕೀಲುಚೀಲ ಬಿಡಿಸುವ ಆಪರೇಷನ್, ಮೂಳೆ ಕತ್ತರಿಸಿ ಜೋಡಿಸುವುದು, ಹೊರಗಿನಿಂದ ಉಂಗುರ ಕಟ್ಟಿ ದಿನದಿನಕ್ಕೆ ತಿರುಗಿಸುವ ಇಲಿಝರೋವ್ ವಿಧಾನ, ಹೀಗೆ ಹಲವು ದಾರಿಗಳಿವೆ. ಎಷ್ಟು ಹಳೆಯದು, ಎಷ್ಟು ಡಿಗ್ರಿ, ಮೂಲ ಕಾಯಿಲೆ ಯಾವುದು ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಯಾವುದೇ ಮಾಡಿಸಿದರೂ ಆಮೇಲೆ ತಿಂಗಳುಗಟ್ಟಲೆ ಸ್ಪ್ಲಿಂಟ್ ಕಟ್ಟದಿದ್ದರೆ, ವ್ಯಾಯಾಮ ಮಾಡದಿದ್ದರೆ ಕಾಲು ಮತ್ತೆ ಮಡಿಚಿಕೊಳ್ಳುತ್ತದೆ. ಅಷ್ಟು ದಿನ ಮನೆಯಲ್ಲಿ ಯಾರು ನೋಡಿಕೊಳ್ಳುತ್ತೀರಿ ಎಂಬುದನ್ನು ಆಪರೇಷನ್ನಿಗೆ ಸಹಿ ಹಾಕುವ ಮೊದಲೇ ತೀರ್ಮಾನಿಸಿ.

ಸೆರೆಬ್ರಲ್ ಪಾಲ್ಸಿ, ಹಿಮೋಫಿಲಿಯಾ, ಚಲನೆಯ ಅಂಗವೈಕಲ್ಯ ಮೂರೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಸೇರಿವೆ. ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ವಿಕಲಚೇತನರ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಮಾಡಿಸಿಕೊಳ್ಳಿ. ಕ್ಯಾಲಿಪರ್, ಗಾಲಿಕುರ್ಚಿ, ವಾಕರ್ ಪಡೆಯಲು ಅದು ಬೇಕಾಗುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಮಡಿಚಿಕೊಂಡ ಮಂಡಿಗಳಲ್ಲಿ ಎಲ್ಲವನ್ನೂ ತಡೆಯಲಾಗದು. ಆದರೆ ಹಾಸಿಗೆಯಲ್ಲಿ, ಕುರ್ಚಿಯಲ್ಲಿ, ನಮ್ಮ ಕಣ್ಣೆದುರೇ ಮಡಿಚಿಕೊಳ್ಳುವ ಮಂಡಿಯನ್ನು ತಡೆಯಬಹುದು. ಅದಕ್ಕೆ ಹಣ ಬೇಡ, ಯಂತ್ರ ಬೇಡ, ಗೊತ್ತಿರುವವರೊಬ್ಬರು ಮನೆಯಲ್ಲಿದ್ದರೆ ಸಾಕು. ಈ ಹಾಳೆಯನ್ನು ರೋಗಿಯ ಮಂಚದ ಪಕ್ಕದ ಗೋಡೆಗೆ ಅಂಟಿಸಿ. ಹಗಲು ನೋಡಿಕೊಳ್ಳುವವರಿಗೂ ರಾತ್ರಿ ಕಾಯುವವರಿಗೂ ಓದಿ ಹೇಳಿ. ಮತ್ತು ದಯವಿಟ್ಟು, ಈಗಲೇ ಹೋಗಿ ಆ ದಿಂಬನ್ನು ತೆಗೆಯಿರಿ.